21 ಕಿಲೋಮೀಟರ್ ಅಂತ 18 ಓಡಿಸಿದರು: ದುಡ್ಡು ಕಟ್ಟುವ ಮೊದಲು ಓದಿ

ಮೊದಲೇ ಹೇಳಿಬಿಡ್ತೇನೆ, ಇದನ್ನು ಬರೆಯೋಕೆ ನನಗೆ ನಾಚಿಕೆ ಆಗ್ತಿದೆ. ಮೂರು ವಾರ ಬಾಯಿಮುಚ್ಚಿಕೊಂಡಿದ್ದೆ. ಈ 21 ಕಿಲೋಮೀಟರ್ ಓಟ ನಡೆಸಿದ ಅದೇ ಜನ ಮುಂದಿನ ಓಟಕ್ಕೆ ಮತ್ತೆ ದುಡ್ಡು ಕಟ್ಟಿಸ್ಕೊಳ್ತಿದ್ದಾರೆ ಅಂತ ಗೊತ್ತಾದ ಮೇಲೆ ತಡೆಯೋಕಾಗಲಿಲ್ಲ. ಕೊಡಗಲ್ಲಿ ಹಾಫ್ ಮ್ಯಾರಥಾನ್, ಮಂಜು, ಕಾಫಿ ತೋಟ ಅಂತ ಚಂದದ ಪೋಸ್ಟರ್ ಕಂಡ ಕೂಡಲೇ ಗೂಗಲ್ ಫಾರ್ಮ್ ತುಂಬಬೇಡಿ.

1,600 ರೂಪಾಯಿ. ಚಿಪ್ ಟೈಮಿಂಗ್ (ಓಡೋರ ಸಮಯ ತಾನೇ ದಾಖಲಿಸೋ ಚಿಪ್), ಎರಡೂವರೆ ಕಿಲೋಮೀಟರಿಗೊಮ್ಮೆ ನೀರು, ಮೆಡಲ್, ಟೀ ಶರ್ಟ್, ತಿಂಡಿ, ಎಲ್ಲ ಪೋಸ್ಟರಲ್ಲಿತ್ತು. ಹಣ ಹೋಗಿದ್ದು ಯಾರದೋ ಸ್ವಂತ ನಂಬರಿಗೆ. ಆಗಲೇ ಅನುಮಾನ ಬರಬೇಕಿತ್ತು.

ಹಣ ಹೋಗಲಿ. ಹೊಟ್ಟೆ ಉರಿಯೋದು ಆ ನಾಲ್ಕು ತಿಂಗಳಿಗೆ. ಆಗಸ್ಟ್ ಮಳೆಯಲ್ಲಿ ಶುರು ಮಾಡಿದ್ದು, ಸುಂಟಿಕೊಪ್ಪದಿಂದ ಮಾದಾಪುರ ರಸ್ತೆಯಲ್ಲಿ, ಬೆಳಿಗ್ಗೆ ಐದಕ್ಕೆ ತಲೆಗೆ ಟಾರ್ಚ್ ಕಟ್ಟಿಕೊಂಡು. ಮನೆಗೆ ಬಂದು ಸಾಕ್ಸ್ ಬಿಚ್ಚಿದ್ರೆ ಬೆರಳ ಸಂದಿಯಲ್ಲಿ ಜಿಗಣೆ. ಶೂ ಒಣಗೋದಿಲ್ಲ, ಒಳಗೆ ನ್ಯೂಸ್‌ಪೇಪರ್ ತುರುಕಿ ಬಚ್ಚಲೊಲೆ ಪಕ್ಕ ಇಡ್ತಿದ್ದೆ. ಇವತ್ತಿಗೂ ಅದು ಹೊಗೆ ವಾಸನೆ ಹೊಡೀತದೆ. ಭಾನುವಾರದ ಉದ್ದ ಓಟವನ್ನು 10, 12, 14 ಅಂತ ಏರಿಸ್ತಾ ನವೆಂಬರ್ ಕೊನೆಗೆ 18 ಮುಟ್ಟಿಸಿದ್ದೆ. ಕಾಫಿ ಕುಯ್ಲು ಶುರುವಾದ ಮೇಲೂ ಬಿಡಲಿಲ್ಲ. ನಮ್ಮ ಏರು ಇಳಿತದಲ್ಲಿ ಕಿಲೋಮೀಟರಿಗೆ ಆರೂವರೆ ನಿಮಿಷ, ಅದಕ್ಕಿಂತ ಜೋರು ನನ್ನ ಕೈಲಾಗಲ್ಲ. ಆ ಲೆಕ್ಕಕ್ಕೆ 21.1 ಅಂದ್ರೆ ಎರಡು ಗಂಟೆ ಹದಿನೇಳು ನಿಮಿಷ.

ಓಟದ ದಿನ ಬಿಬ್, ಅಂದ್ರೆ ಎದೆಗೆ ಹಾಕೋ ನಂಬರ್ ಚೀಟಿ, ತಿರುಗಿಸಿ ನೋಡಿದೆ, ಬರೀ ಕಾಗದ. ಬೆಂಗಳೂರಿನ 10ಕೆ ಓಡಿದ್ದೆ, ಅಲ್ಲಿ ಹಿಂದೆ ಚಿಪ್ ಅಂಟಿಸಿದ್ರು, ದಾರಿಯಲ್ಲಿ ಆ ಚಿಪ್ ಓದೋ ಮ್ಯಾಟ್ ಹಾಸಿದ್ರು. ಕೇಳಿದ್ದಕ್ಕೆ, "ಒಳಗೇ ಪ್ರಿಂಟ್ ಆಗಿರುತ್ತೆ ಸರ್, ಹೊಸ ಟೆಕ್ನಾಲಜಿ." ನಂಬಿದೆ. ಹೌದು, ನಂಬಿದೆ! ನೀರು ಎರಡೇ ಕಡೆ, ಎರಡನೇದರಲ್ಲಿ ಕ್ಯಾನ್ ಖಾಲಿ. ತಿರುಗೋ ಜಾಗದಲ್ಲಿ ಒಂದು ಕೆಂಪು ಕೋನ್, ಪಕ್ಕದಲ್ಲೊಬ್ಬ ಹುಡುಗ ಮೊಬೈಲ್ ನೋಡ್ತಾ "ತಿರುಗಿ ಅಣ್ಣಾ" ಅಂದ. ಮ್ಯಾಟ್ ಗೀಟ್ ಏನಿಲ್ಲ.

ವಾಪಸ್ ಬಂದಾಗ ಗಡಿಯಾರದಲ್ಲಿ 1:58. ಎರಡು ಗಂಟೆ ಒಳಗೆ! ಎರಡೂ ಕೈ ಮೇಲೆತ್ತಿ ಕಿರುಚಿದೆ. ಅಪ್ಪನಿಗೆ ಫೋನ್ ಮಾಡಿ ಅತ್ತೂಬಿಟ್ಟೆ. ಮೆಡಲ್ ಕಚ್ಚಿಕೊಂಡ ಫೋಟೊ ಸ್ಟೇಟಸ್‌ಗೆ ಹಾಕಿದೆ, ನೆಂಟರು, ತೋಟದ ಲೆಕ್ಕ ಬರೆಯೋ ರೈಟರ್, ಮಗಳ ಟೀಚರ್, ಎಲ್ಲರೂ ನೋಡಿದ್ರು. ಉಪ್ಪಿಟ್ಟಿನ ಸಾಲಲ್ಲಿ ಮೈಸೂರಿನ ಹುಡುಗನೊಬ್ಬ ವಾಚ್ ತೋರಿಸಿ, "ಅಣ್ಣ, ನಂದರಲ್ಲಿ 18.4 ಅಷ್ಟೇ ಇದೆ" ಅಂದ. ನಾನೇ ಅವನ ಹೆಗಲ ಮೇಲೆ ಕೈ ಹಾಕಿ, "ಇಲ್ಲಿ ಮರ ಜಾಸ್ತಿ ತಮ್ಮಾ, ಜಿಪಿಎಸ್ ಹಿಡಿಯಲ್ಲ" ಅಂತ ಸಮಾಧಾನ ಹೇಳಿದೆ. ನಾನೇ ಹೇಳಿದೆ! ಇದನ್ನು ನೆನೆಸಿಕೊಂಡ್ರೆ ರಾತ್ರಿ ನಿದ್ದೆ ಬರಲ್ಲ.

ಸಂಜೆ ಪಕ್ಕದ ಮನೆಯ ಸುಬೇದಾರ್ ಮಾವ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದ್ರು, "ಹತ್ತೊಂಬತ್ತು ನಿಮಿಷ ಒಂದೇ ದಿನದಲ್ಲಿ ಎಲ್ಲಿಂದ ಬಂತು ಮಾರಾಯ?"

ಮಾರನೇ ದಿನ ಸ್ಕೂಟರ್ ತಗೊಂಡು ಹೋದೆ. ರಸ್ತೆ ಮೇಲೆ ಸುಣ್ಣದ ಬಾಣ ಇನ್ನೂ ಇತ್ತು. ಮೀಟರಲ್ಲಿ 9.2. ಇನ್ನೊಮ್ಮೆ ಹೋದೆ, 9.2. ಹೋಗಿ ಬಂದ್ರೆ 18.4. ಮೈಸೂರಿನ ಹುಡುಗಾ, ಕ್ಷಮಿಸಪ್ಪ.

ಓಟ ನಡೆಸಿದವರಿಗೆ ಮೆಸೇಜ್ ಹಾಕಿದೆ. ಉತ್ತರ: "ಸರ್, ಮರದ ಕೆಳಗೆ ಜಿಪಿಎಸ್ ಸರಿ ತೋರಿಸಲ್ಲ." ಸ್ಕೂಟರ್ ಚಕ್ರಕ್ಕೆ ಜಿಪಿಎಸ್ ಇಲ್ಲ ಸ್ವಾಮಿ ಅಂದೆ. ಎರಡು ದಿನ ಬಿಟ್ಟು: "ಆನೆ ಇತ್ತು ಸರ್, ನಿಮ್ಮ ಸೇಫ್ಟಿಗೇ ಯೂ ಟರ್ನ್ ಹಿಂದಕ್ಕೆ ತಂದ್ವಿ." ಆನೆ ಅಂದ್ರೆ ಕೊಡಗಿನವರು ಬಾಯಿ ಮುಚ್ಚಿಕೊಳ್ತಾರೆ ಅಂತ ಅವರಿಗೂ ಗೊತ್ತು. ಅಲ್ಲೇ ಇರೋ ಟೀ ಅಂಗಡಿಯವರನ್ನು ಕೇಳಿದೆ. "ಆನೆಯಾ? ಹದಿನೈದು ದಿನದಿಂದ ಈ ಕಡೆ ಬಂದಿಲ್ಲ." ನಿಜಕ್ಕೂ ಬಂದಿದ್ರೆ ಅಲ್ಲೇ ಹೇಳಬಹುದಿತ್ತಲ್ಲ? ಸರ್ಟಿಫಿಕೇಟಲ್ಲಿ 21.1 ಅಂತ ಯಾಕೆ ಹಾಕಿದ್ರಿ? ಸೆಕೆಂಡಿನ ಜಾಗದಲ್ಲಿ ನನಗೂ ಸೊನ್ನೆ ಸೊನ್ನೆ, ನನ್ನ ಜೊತೆ ಓಡಿದ ಇನ್ನೂ ನಾಲ್ಕು ಜನಕ್ಕೂ ಸೊನ್ನೆ ಸೊನ್ನೆ, ಅದೂ ಆನೆಯೇ ಮಾಡಿದ್ದಾ?

ಇದಕ್ಕೆ ಬಂದ ಉತ್ತರ ಹಾಗೇ ಬರೀತೇನೆ: "ಬೇಕಾದ್ರೆ ಟೈಮ್ ಚೇಂಜ್ ಮಾಡಿ ಕೊಡ್ತೇವೆ ಸರ್, ಎಷ್ಟು ಹಾಕಬೇಕು ಹೇಳಿ."

ಎಷ್ಟು ಹಾಕಬೇಕು ಹೇಳಿ! ಕಾಫಿಗೆ ಸಕ್ಕರೆ ಕೇಳಿದ ಹಾಗೆ. ದುಡ್ಡು ವಾಪಸ್ ಕೊಡಿ ಅಂದೆ, ಬ್ಲಾಕ್ ಮಾಡಿದ್ರು.

ಹಾಫ್ ಮ್ಯಾರಥಾನ್ ಅಂದ್ರೆ 21.0975 ಕಿಲೋಮೀಟರ್. ನೆಟ್ಟಗೆ ಮಾಡೋರು ಸೈಕಲ್ ಚಕ್ರಕ್ಕೆ ಸುತ್ತು ಎಣಿಸೋ ಕೌಂಟರ್ ಕಟ್ಟಿ ಅಳೀತಾರೆ, ಕಮ್ಮಿ ಬೀಳಬಾರದು ಅಂತ ಕಿಲೋಮೀಟರಿಗೆ ಒಂದು ಮೀಟರ್ ಜಾಸ್ತಿಯೇ ಸೇರಿಸ್ತಾರೆ. ಇವರು 2.7 ಕಿಲೋಮೀಟರ್ ನುಂಗಿದ್ರು. ರೂಟ್ ಯಾರು ಅಳೆದಿದ್ದು, ಟೈಮಿಂಗ್ ಯಾವ ಕಂಪನಿ, ಕಳೆದ ವರ್ಷದ ರಿಸಲ್ಟ್ ಎಲ್ಲಿ ಅಂತ ಕೇಳಿ. "ಹೊಸ ಟೆಕ್ನಾಲಜಿ" ಅಂದ್ರೆ ಎದ್ದು ಬನ್ನಿ. ದೂರ ಅಳೆಯೋ ಫೋನನ್ನು ಬ್ಯಾಗಲ್ಲಿ ಬಿಟ್ಟು ಓಡಬೇಡಿ, ನಾನು ಬಿಟ್ಟಿದ್ದೆ.

ಅವರ ಹೊಸ ಪೋಸ್ಟರ್ ನಿನ್ನೆ ನಮ್ಮ ಊರಿನ ಗ್ರೂಪಿಗೂ ಬಂತು. ಫೀಸು ಈಗ 1,800. ನಡುವೆ ದೊಡ್ಡದಾಗಿ ಒಂದು ಫೋಟೊ, ಎರಡೂ ಕೈ ಮೇಲೆತ್ತಿ ಬಾಯಿ ತೆರೆದು ಕಿರುಚ್ತಿರೋದು ನಾನೇ.