ಫ್ಯಾಕ್ಟರಿ ರೀಸೆಟ್ ಮಾಡಿ ಅಂದರೆ ತಕ್ಷಣ ಒತ್ತಬೇಡಿ

ಫೋನಿನಲ್ಲಿ ಏನೋ ತೊಂದರೆ ಅಂತ ಕಸ್ಟಮರ್ ಕೇರ್‌ಗೆ ಕರೆ ಮಾಡುತ್ತೀರಿ. ಅವರು "ಒಂದ್ಸಲ ಫ್ಯಾಕ್ಟರಿ ರೀಸೆಟ್ ಮಾಡಿ ನೋಡಿ ಸರ್" ಅನ್ನುತ್ತಾರೆ. ಅಂದರೆ ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಹೊಸ ಫೋನಿನಂತೆ ಮಾಡುವುದು. "ಆಯ್ತು, ಆಮೇಲೆ ಮಾಡ್ತೀನಿ" ಅಂತ ಹೇಳಿ ಫೋನ್ ಇಟ್ಟುಬಿಡಿ. ನಾನು ಹಾಗೆ ಮಾಡಲಿಲ್ಲ. ಹೆಂಡತಿಯ ಫೋನಿನಲ್ಲಿ ಮಾತಾಡುತ್ತಾ, ಅವರು ಲೈನಿನಲ್ಲಿ ಇರುವಾಗಲೇ ನನ್ನ ಫೋನಿನಲ್ಲಿ ಒತ್ತಿಬಿಟ್ಟೆ.

ಶುರುವಾಗಿದ್ದು ಒಂದು ಅಪ್‌ಡೇಟ್‌ನಿಂದ. ರಾತ್ರಿ ಚಾರ್ಜಿಗೆ ಹಾಕಿ ಮಲಗಿದ್ದೆ, ಬೆಳಿಗ್ಗೆ ಏಳುವಷ್ಟರಲ್ಲಿ ಅಪ್‌ಡೇಟ್ ಆಗಿತ್ತು. ಅವತ್ತಿನಿಂದ ವೈಫೈ ಕೈಕೊಡಲು ಶುರು. ಗಂಟೆಗೆ ಐದಾರು ಸಲ ವೈಫೈ ಚಿಹ್ನೆಯ ಪಕ್ಕದಲ್ಲಿ ಒಂದು ಆಶ್ಚರ್ಯಸೂಚಕ ಬರುವುದು, ಅರ್ಧ ನಿಮಿಷ ಏನೂ ಓಡದು, ಆಮೇಲೆ ತಾನಾಗಿಯೇ ಸರಿಹೋಗುವುದು. ವಿಡಿಯೊ ಕಾಲ್‌ನಲ್ಲಿ ನಾನು ಬಾಯಿ ತೆರೆದುಕೊಂಡೇ ನಿಂತುಬಿಡುತ್ತಿದ್ದೆ. ಅದೇ ವೈಫೈಯಲ್ಲಿ ಲ್ಯಾಪ್‌ಟಾಪ್ ಚೆನ್ನಾಗಿತ್ತು, ಹೆಂಡತಿಯ ಫೋನೂ ಚೆನ್ನಾಗಿತ್ತು. ಹಾಗಾಗಿ ತಪ್ಪು ನನ್ನ ಫೋನಿನದ್ದೇ ಅಂತ ತೀರ್ಮಾನ ಮಾಡಿಬಿಟ್ಟೆ.

ಆಫ್ ಮಾಡಿ ಆನ್ ಮಾಡಿದೆ. ಪಾಸ್‌ವರ್ಡ್ ಅಳಿಸಿ ಮತ್ತೆ ಹಾಕಿದೆ. ಮೂರು ಸಲ ದೂರು ಕೊಟ್ಟೆ. ಪ್ರತಿ ಸಲವೂ ಹೊಸಬರು, ಪ್ರತಿ ಸಲವೂ ಕಥೆ ಮೊದಲಿನಿಂದ. ಎರಡನೇ ದೂರನ್ನು "ಸಮಸ್ಯೆ ಬಗೆಹರಿದಿದೆ" ಅಂತ ಅವರೇ ಮುಚ್ಚಿದ್ದರು. ಮೂರನೇ ಸಲ ಸಿಕ್ಕಿದ ಹುಡುಗ ಪಾಪ ಸಮಾಧಾನವಾಗಿಯೇ ಮಾತಾಡಿದ. "ಬ್ಯಾಕಪ್ ಇದೆಯಾ ಸರ್?" ಅಂತ ಕೇಳಿದ. ಸೆಟ್ಟಿಂಗ್ಸ್‌ನಲ್ಲಿ "ಬ್ಯಾಕಪ್ ಆನ್ ಆಗಿದೆ, ನಿನ್ನೆ" ಅಂತಿತ್ತು. ಇದೆ ಅಂದೆ.

ಆ ಬ್ಯಾಕಪ್ ಅನ್ನುವ ಪದದಲ್ಲೇ ನಾನು ಮೋಸ ಹೋಗಿದ್ದು. ಆಂಡ್ರಾಯ್ಡ್ ತಾನಾಗಿ ತೆಗೆದುಕೊಳ್ಳುವ ಬ್ಯಾಕಪ್‌ನಲ್ಲಿ ಒಂದೊಂದು ಆ್ಯಪ್‌ನ ಡೇಟಾಗೆ ಸಿಗುವುದು 25 ಎಂಬಿ ಜಾಗ. ಅದೂ ಆ್ಯಪ್ ಮಾಡಿದವರು ಒಪ್ಪಿದ್ದರೆ ಮಾತ್ರ. ಬೇಡ ಅಂತ ಅವರು ಒಂದು ಸಾಲು ಬರೆದಿಟ್ಟಿದ್ದರೆ ಬ್ಯಾಕಪ್‌ಗೆ ಏನೂ ಸೇರುವುದಿಲ್ಲ, ನಮಗೆ ಯಾರೂ ಹೇಳುವುದೂ ಇಲ್ಲ.

ರೀಸೆಟ್ ಆದ ಮೇಲೆ ಎಲ್ಲ ಐಕಾನ್‌ಗಳೂ ಒಂದೊಂದಾಗಿ ವಾಪಸ್ ಬಂದವು. ವಾಲ್‌ಪೇಪರ್ ಕೂಡ ಬಂತು. ಖುಷಿಯಾಯಿತು. ಆಮೇಲೆ ಆಥೆಂಟಿಕೇಟರ್ ತೆರೆದೆ, ಲಾಗಿನ್ ಆಗುವಾಗ ಪಾಸ್‌ವರ್ಡ್ ಜೊತೆಗೆ ಕೇಳುವ ಆರಂಕಿ ಕೋಡ್ ತೋರಿಸುವ ಆ್ಯಪ್ ಅದು. ಖಾಲಿ. ಮೂಲೆಯಲ್ಲಿ ಒಂದು ಪ್ಲಸ್ ಗುರುತು, ಅಷ್ಟೇ.

30 ಸೆಕೆಂಡಿಗೊಮ್ಮೆ ಬದಲಾಗುವ ಆ ಆರಂಕಿ ಕೋಡ್ ಎಲ್ಲಿಂದಲೋ ಇಂಟರ್ನೆಟ್ ಮೂಲಕ ಬರುವುದಲ್ಲ. ಒಂದು ಗುಟ್ಟಿನ ಕೀಲಿ ಫೋನಿನಲ್ಲೇ ಇರುತ್ತದೆ. ಆ ಕೀಲಿ ಮತ್ತು ಗಡಿಯಾರದ ಸಮಯ ಸೇರಿಸಿ ಫೋನೇ ಲೆಕ್ಕ ಹಾಕುತ್ತದೆ. ಕೀಲಿ ಹೋಯಿತು ಅಂದರೆ ಕೋಡ್ ಹೋಯಿತು. ಗೂಗಲ್‌ನ ಆಥೆಂಟಿಕೇಟರ್‌ಗೆ 2023ರಲ್ಲಿ ಸಿಂಕ್ ಸೌಲಭ್ಯ ಬಂದಿದೆ, ಅಂದರೆ ಕೀಲಿಯ ಒಂದು ಪ್ರತಿ ಗೂಗಲ್ ಖಾತೆಯಲ್ಲೂ ಉಳಿಯುತ್ತದೆ. ನಾನು ಬಳಸುತ್ತಿದ್ದದ್ದು ಬೇರೆ ಆ್ಯಪ್. ಅದರಲ್ಲೂ ಸಿಂಕ್ ಇತ್ತಂತೆ, ನಾನು ಆನ್ ಮಾಡಿರಲಿಲ್ಲ.

ಮೂರು ಖಾತೆಗಳ ಬಾಗಿಲು ಮುಚ್ಚಿತ್ತು. ಆಫೀಸಿನದ್ದನ್ನು ಆಫೀಸಿನವರೇ ಐದು ನಿಮಿಷದಲ್ಲಿ ತೆರೆದುಕೊಟ್ಟರು. ನನ್ನ ಇನ್ನೊಂದು ಗೂಗಲ್ ಖಾತೆಗೆ, ಆಥೆಂಟಿಕೇಟರ್ ಇಲ್ಲದಾಗ ಬಳಸಲು ಅಂತ ಎಂಟಂಕಿಯ ಹತ್ತು ಬ್ಯಾಕಪ್ ಕೋಡ್ ಕೊಡುತ್ತಾರಲ್ಲ, ಅದನ್ನು ಯಾವತ್ತೋ ಕಾಗದದ ಮೇಲೆ ಪ್ರಿಂಟ್ ಮಾಡಿಟ್ಟಿದ್ದೆ, ಬಚಾವ್. ಮೂರನೆಯದಕ್ಕೆ ಕೋಡ್‌ಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೆ. ಫೋಟೊಗಳೆಲ್ಲ ಬ್ಯಾಕಪ್ ಆಗಿದ್ದವು, ಹಾಗಾಗಿ ಧೈರ್ಯವಾಗಿದ್ದೆ. ಆದರೆ ಬ್ಯಾಕಪ್ ಆಗಿದ್ದು ಕ್ಯಾಮೆರಾ ಫೋಲ್ಡರ್ ಮಾತ್ರ. ಸ್ಕ್ರೀನ್‌ಶಾಟ್ ಫೋಲ್ಡರನ್ನು ನಾವೇ ಬೇರೆಯಾಗಿ ಆನ್ ಮಾಡಬೇಕಂತೆ. ಆ ಖಾತೆ ಕೈಗೆ ಬರಲು ಗುರುತಿನ ದಾಖಲೆ ಕಳಿಸಿ, ಕಾದು, ಮತ್ತೆ ಕಳಿಸಿ, ಹನ್ನೊಂದು ದಿನ ಹಿಡಿಯಿತು.

ನೋಟ್ಸ್ ಆ್ಯಪ್‌ನಲ್ಲಿ ಇದ್ದದ್ದಂತೂ ಬರಲೇ ಇಲ್ಲ. ದೊಡ್ಡದೇನಲ್ಲ. ಕಿಟಕಿ ಪರದೆಯ ಅಳತೆ, ಗಾಡಿ ಬ್ಯಾಟರಿ ಬದಲಿಸಿದ ತಾರೀಖು, ಯಾರ ಅಂಗಿ ಸೈಜ್ ಎಷ್ಟು, ಇಂಥವು. ಆರು ವರ್ಷದ್ದು. ಮೊನ್ನೆ ಕೂಡ ಟೇಪ್ ಹಿಡಿದುಕೊಂಡು ಅದೇ ಕಿಟಕಿ ಅಳೆದೆ.

ಇಷ್ಟೆಲ್ಲ ಆದ ಮೇಲೆ ವೈಫೈ? ರೀಸೆಟ್ ಆಗಿ ಹತ್ತು ನಿಮಿಷಕ್ಕೇ ಮತ್ತೆ ಹೋಯಿತು!

ಕಾರಣ ಗೊತ್ತಾಗಿದ್ದು ಅಕಸ್ಮಾತ್ತಾಗಿ. ಒಂದು ದಿನ ಬೇಸರಕ್ಕೆ ಹೆಂಡತಿಯ ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು ಕೂತೆ. ಸಂಜೆಯಿಡೀ ಒಂದು ಸಲವೂ ಕಡಿಯಲಿಲ್ಲ. ಅಂದರೆ ಫೋನಿನ ವೈಫೈ ಕೆಟ್ಟಿಲ್ಲ, ಫೋನಿಗೂ ನಮ್ಮ ರೂಟರಿಗೂ ಹೊಂದಾಣಿಕೆ ಇಲ್ಲ. ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಬಹುದಿತ್ತು, ಅಲ್ವಾ?

ಬ್ರೌಸರ್‌ನಲ್ಲಿ ರೂಟರಿನ ಪುಟ ತೆರೆದೆ. ಸಾಮಾನ್ಯವಾಗಿ 192.168.0.1 ಅಥವಾ 192.168.1.1, ರೂಟರಿನ ಕೆಳಗೆ ಅಂಟಿಸಿರುತ್ತಾರೆ. ರೂಟರು ವೈಫೈ ಸಿಗ್ನಲ್ ಕಳಿಸುವ ಎರಡು ದಾರಿಗಳು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಅಲ್ಲಿ ಎರಡಕ್ಕೂ ಒಂದೇ ಹೆಸರಿತ್ತು. 5ರದ್ದು ವೇಗ ಜಾಸ್ತಿ, ಆದರೆ ಗೋಡೆ ಅಡ್ಡ ಬಂದರೆ ಬೇಗ ಸೋಲುತ್ತದೆ. 2.4 ನಿಧಾನ, ಆದರೆ ಗೋಡೆ ದಾಟುತ್ತದೆ. ಹೆಸರು ಒಂದೇ ಆದಾಗ ಯಾವುದಕ್ಕೆ ಸೇರಬೇಕು ಅಂತ ಕೆಲವು ರೂಟರುಗಳು ಫೋನನ್ನು ಅತ್ತಿತ್ತ ತಳ್ಳುತ್ತಿರುತ್ತವೆ. ಅಪ್‌ಡೇಟ್ ಆದ ಮೇಲೆ ನನ್ನ ಫೋನಿಗೆ ಆ ತಳ್ಳಾಟ ತಡೆಯಲಾಗುತ್ತಿಲ್ಲ ಅಂತ ನನ್ನ ಊಹೆ. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟೆ, ಫೋನನ್ನು 5ಕ್ಕೆ ಮಾತ್ರ ಸೇರಿಸಿದೆ. ಅಲ್ಲಿಗೆ ನಿಂತಿತು. ಮನೆಯ ಹಿಂದಿನ ಕೋಣೆಗೆ ಹೋದಾಗ ಕೈಯಾರೆ ಬದಲಿಸಬೇಕು, ಅದೊಂದು ರಗಳೆ. ಇನ್ನೊಂದು ಲಾಭವೂ ಆಯಿತು: ತಿಂಗಳುಗಟ್ಟಲೆ ಸೇರಲು ಒಪ್ಪದಿದ್ದ ಸ್ಮಾರ್ಟ್ ಬಲ್ಬ್ ಈಗ ಸಲೀಸಾಗಿ ಸೇರಿಕೊಂಡಿತು. ಅಂಥ ಬಲ್ಬ್‌ಗಳಲ್ಲಿ ಹೆಚ್ಚಿನವಕ್ಕೆ 2.4 ಬಿಟ್ಟರೆ ಬೇರೆ ಗೊತ್ತಿಲ್ಲ.

ಆದ್ದರಿಂದ ರೀಸೆಟ್ ಅಂದ ಕೂಡಲೇ ಮೊದಲು ಬೇರೆ ನೆಟ್‌ವರ್ಕ್‌ನಲ್ಲಿ ನೋಡಿ. ಆಮೇಲೆ ಬೇಕಿದ್ದರೆ "ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್" ಅಂತ ಬೇರೆಯೇ ಇದೆ, ಅದನ್ನು ಮಾಡಿ. ಅದರಲ್ಲಿ ಹೋಗುವುದು ವೈಫೈ ಪಾಸ್‌ವರ್ಡು, ಬ್ಲೂಟೂತ್ ಜೋಡಣೆ ಇಂಥವೇ. ಫೋಟೊ, ಆ್ಯಪ್ ಮುಟ್ಟುವುದಿಲ್ಲ. ಪೂರ್ತಿ ರೀಸೆಟ್ ಮಾಡಲೇಬೇಕು ಅಂತಾದರೆ "ಬ್ಯಾಕಪ್ ಆನ್" ಅನ್ನುವ ಸಾಲನ್ನು ನಂಬಬೇಡಿ. ಒಂದೊಂದೇ ಆ್ಯಪ್ ತೆರೆದು, ಇದು ಹೋದರೆ ಎಲ್ಲಿಂದ ತರಲಿ ಅಂತ ಕೇಳಿಕೊಳ್ಳಿ. ಆಥೆಂಟಿಕೇಟರನ್ನು ಇನ್ನೊಂದು ಫೋನಿಗೆ ದಾಟಿಸಿ, ಅಲ್ಲಿನ ಕೋಡ್ ಹಾಕಿ ಒಮ್ಮೆ ಲಾಗಿನ್ ಆಗಿ ನೋಡಿ, ಆಮೇಲಷ್ಟೇ ಹಳೆಯದನ್ನು ಅಳಿಸಿ. ವಾಟ್ಸ್ಆ್ಯಪ್ ಬ್ಯಾಕಪ್‌ಗೆ ನೀವೇ ಪಾಸ್‌ವರ್ಡ್ ಇಟ್ಟಿದ್ದರೆ ಅದು ನೆನಪಿದೆಯಾ ನೋಡಿಕೊಳ್ಳಿ. ಮರೆತರೆ ವಾಟ್ಸ್ಆ್ಯಪ್‌ನವರಿಗೂ ಅದನ್ನು ತೆರೆಯಲಾಗುವುದಿಲ್ಲ.

ನಾಲ್ಕು ತಿಂಗಳಾಯಿತು. ನಡುವೆ ಎರಡು ಅಪ್‌ಡೇಟ್ ಬಂದಿವೆ. ಎರಡು ಸಲವೂ ಆಸೆಯಿಂದ ರೂಟರಿನಲ್ಲಿ ಹೆಸರುಗಳನ್ನು ಒಂದು ಮಾಡಿ ನೋಡಿದೆ, ಎರಡು ಸಲವೂ ಆ ಆಶ್ಚರ್ಯಸೂಚಕ ವಾಪಸ್ ಬಂತು. ಮೂರನೇ ದೂರು ಇನ್ನೂ "ಪರಿಶೀಲನೆಯಲ್ಲಿದೆ".