ರೇಡಿಯೋ ಪರದೆಯ ಬರಹ: ಆರ್‌ಡಿಎಸ್, ಡಿಎಬಿ, ಇಂಟರ್ನೆಟ್, ಮೂರರಲ್ಲಿ ಯಾವುದು ಕೆಲಸಕ್ಕೆ ಬರುತ್ತೆ?

ಇಂಗ್ಲೆಂಡಿನಲ್ಲಿ ಮನೆಗೊಂದು ರೇಡಿಯೋ ಕೊಳ್ಳಲು ಹೋದರೆ ಎಫ್‌ಎಂ, ಡಿಎಬಿ (ಏರಿಯಲ್‌ನಿಂದಲೇ ಹಿಡಿಯುವ ಡಿಜಿಟಲ್ ರೇಡಿಯೋ), ಇಂಟರ್ನೆಟ್ ಮೂರೂ ಇರುವ ಸೆಟ್ ಸುಲಭವಾಗಿ ಸಿಗುತ್ತದೆ. ಧ್ವನಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಪರದೆಯ ಮೇಲೆ ಬರುವ ಅಕ್ಷರಗಳ ಬಗ್ಗೆ ಯಾರೂ ಕೇಳುವುದಿಲ್ಲ. ನನಗೆ ಅದೇ ಮುಖ್ಯ. ಒಗ್ಗರಣೆ ಹಾಕುತ್ತಾ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬಿಬಿಸಿ ರೇಡಿಯೋ 3 ಕೇಳುವಾಗ ಮಧ್ಯದಲ್ಲಿ ಕಿವಿಗೆ ಬಿದ್ದ ಸಂಗೀತ ಯಾರದ್ದು ಅಂತ ಆಗಲೇ ಗೊತ್ತಾಗಬೇಕು. ನಿರೂಪಕರು ಹೇಳುವ ಹೊತ್ತಿಗೆ ಅರ್ಧ ಗಂಟೆ ಆಗಿರುತ್ತೆ. ಹಾಗಾಗಿ ಒಂದೇ ಸೆಟ್‌ನಲ್ಲಿ ಮೂರನ್ನೂ ಬದಲಿಸಿ ಬದಲಿಸಿ ನೋಡಿದೆ.

ಮೊದಲು ಎಫ್‌ಎಂ ಜೊತೆ ಬರುವ ಆರ್‌ಡಿಎಸ್. ಇದು ಧ್ವನಿಯ ಜೊತೆಗೇ ಅಕ್ಷರವನ್ನೂ ಕಳಿಸುವ 1980ರ ದಶಕದ ಪದ್ಧತಿ. ಸೆಕೆಂಡಿಗೆ ಬರೀ 1187.5 ಬಿಟ್ ಸಾಗುತ್ತೆ. ಸ್ಟೇಷನ್ ಹೆಸರಿಗೆ 8 ಅಕ್ಷರ, ಹಾಡು, ಕಾರ್ಯಕ್ರಮದ ವಿವರ ತೋರಿಸುವ ರೇಡಿಯೋಟೆಕ್ಸ್ಟ್‌ಗೆ 64 ಅಕ್ಷರ, ಅಷ್ಟೇ. ಪ್ಯೋತ್ರ್ ಇಲ್ಯಿಚ್ ಚೈಕೋವ್ಸ್ಕಿ ಅನ್ನೋ ರಷ್ಯನ್ ಸಂಗೀತಗಾರನ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಅದೊಂದೇ 24 ಜಾಗ ತಿನ್ನುತ್ತೆ. ಉಳಿದ 40ರಲ್ಲಿ ಕೃತಿಯ ಹೆಸರು, ನುಡಿಸುವವರು, ವಾದ್ಯವೃಂದದ ಕಂಡಕ್ಟರ್ ಎಲ್ಲ ಎಲ್ಲಿ ಹಿಡಿಸಬೇಕು? ಮೇಲಾಗಿ ಬರಹ ನಾಲ್ಕು ನಾಲ್ಕು ಅಕ್ಷರದ ತುಣುಕಾಗಿ ಬರುತ್ತದೆ. ಏರಿಯಲ್ ಸ್ವಲ್ಪ ವಾಲಿದರೂ ಸಾಕು, ಹಾಡು ಸರಿಯಾಗೇ ಕೇಳುತ್ತಿರುತ್ತೆ, ಪರದೆಯಲ್ಲಿ ಮಾತ್ರ ಹಲ್ಲುದುರಿದ ಬಾಯಿಯ ಹಾಗೆ ಅಲ್ಲಲ್ಲಿ ಖಾಲಿ.

ಆದರೂ ಆರ್‌ಡಿಎಸ್‌ನ ಗಡಿಯಾರ ನನಗೆ ತುಂಬಾ ಇಷ್ಟ. ನಿಮಿಷಕ್ಕೊಮ್ಮೆ ಸಮಯ, ತಾರೀಕು ಬರುತ್ತೆ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೇ ಭಾನುವಾರ ಇಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುತ್ತಾರಲ್ಲ, ಸೆಟ್ ತಾನೇ ಸರಿ ಮಾಡಿಕೊಂಡಿರುತ್ತೆ. ಗ್ರೀನ್‌ವಿಚ್ ಸಮಯಕ್ಕೂ ಸ್ಥಳೀಯ ಸಮಯಕ್ಕೂ ಇರುವ ವ್ಯತ್ಯಾಸವನ್ನು ಇದು ಅರ್ಧ ಗಂಟೆಯ ಲೆಕ್ಕದಲ್ಲಿ ಕಳಿಸುತ್ತದೆ. ಹಾಗಾಗಿ ನಮ್ಮ ಭಾರತದ ಐದೂವರೆ ಗಂಟೆ ಸಲೀಸಾಗಿ ಕೂರುತ್ತೆ, ನೇಪಾಳದ ಐದೂಮುಕ್ಕಾಲು ಕೂರಲ್ಲ!

ಟಿಎ, ಅಂದರೆ ಟ್ರಾಫಿಕ್ ಸುದ್ದಿ ಬಂದಾಗ ತಾನಾಗೇ ಅತ್ತ ಹಾರುವ ಸೌಲಭ್ಯ, ಕಾರಿಗೆ ಸರಿ. ಮನೆಯಲ್ಲಿ ಆಫ್ ಮಾಡಿಡಿ. ಪಿಟಿವೈ, ಅಂದರೆ ಕಾರ್ಯಕ್ರಮದ ಬಗೆ ಆರಿಸುವ ಬಟನ್, ಒತ್ತಿ ವಾರ್ತೆ, ಕ್ರೀಡೆ ಅಂತ ಹುಡುಕುವುದೂ ಸುಮ್ನೆ ಇದೆ ಅಂತ ಇದೆ.

ಡಿಎಬಿಯಲ್ಲಿ ಫ್ರೀಕ್ವೆನ್ಸಿ ನೆನಪಿಡುವ ಗೋಜೇ ಇಲ್ಲ. ಸ್ಕ್ಯಾನ್ ಮಾಡಿದರೆ ಹೆಸರುಗಳ ಪಟ್ಟಿ ಬರುತ್ತದೆ, ಒಂದೊಂದಕ್ಕೆ 16 ಅಕ್ಷರದವರೆಗೆ. ಬರಹಕ್ಕೆ 128 ಅಕ್ಷರ, ಆರ್‌ಡಿಎಸ್‌ನ ಎರಡರಷ್ಟು. ಈ ದುಪ್ಪಟ್ಟು ಜಾಗದಿಂದಲೇ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು. ಸಂಗೀತಗಾರ, ಕೃತಿ, ನುಡಿಸುವವರು, ಮೂರೂ ಒಂದೇ ಸಾಲಿನಲ್ಲಿ ಬಂದಾಗ ಸೌಟು ಕೆಳಗಿಡದೇ ಓದಬಹುದು. ಇಲ್ಲಿ ಅಕ್ಷರ ಅರ್ಧಂಬರ್ಧ ಆಗಿದ್ದನ್ನು ನಾನು ನೋಡಿಲ್ಲ. ಸಿಗ್ನಲ್ ಕೆಟ್ಟರೆ ಧ್ವನಿ ಬುಳುಬುಳು ಅಂದು ಎಲ್ಲ ಒಟ್ಟಿಗೆ ನಿಲ್ಲುತ್ತೆ. ಜಾಹೀರಾತಿನ ಸ್ಟೇಷನ್‌ಗಳು ಮಾತ್ರ ಇದೇ ಜಾಗದಲ್ಲಿ 'ನಮ್ಮ ಆ್ಯಪ್ ಹಾಕಿಕೊಳ್ಳಿ' ಅಂತ ತಲೆ ತಿನ್ನುತ್ತವೆ. ಇನ್ನೊಂದು: ಡಿಎಬಿ ಧ್ವನಿ ಎಫ್‌ಎಂಗಿಂತ ಕೆಲವು ಸೆಕೆಂಡ್ ತಡ. ಬಿಬಿಸಿ ರೇಡಿಯೋ 4ರಲ್ಲಿ ಗಂಟೆಗೆ ಸರಿಯಾಗಿ ಬರುವ 'ಪಿಪ್' ಸದ್ದು ಕೇಳಿ ಕೈಗಡಿಯಾರ ಸರಿ ಮಾಡುವವರು ಎಫ್‌ಎಂಗೇ ಹೋಗಬೇಕು.

ಇಂಟರ್ನೆಟ್ ರೇಡಿಯೋದಲ್ಲಿ ಅಕ್ಷರಕ್ಕೆ ಇಷ್ಟೇ ಅಂತ ಮಿತಿ ಇಲ್ಲ, ಆದರೆ ಸ್ಟೇಷನ್‌ನವರು ಕಳಿಸಿದರೆ ತಾನೇ? ಎಷ್ಟೋ ಕಡೆ ಬರೀ ಸ್ಟೇಷನ್ ಹೆಸರು, ಇನ್ನು ಕೆಲವು ಕಡೆ ಹಾಡಿನ ಫೈಲ್ ಹೆಸರು ಅಂಡರ್‌ಸ್ಕೋರ್ ಸಮೇತ ಬರುತ್ತೆ. ಒಮ್ಮೊಮ್ಮೆ ಹಾಡು ಮುಗಿಯೋ ಮೊದಲೇ ಮುಂದಿನದರ ಹೆಸರು ಬಂದು ಕೂತಿರುತ್ತೆ. ಆದರೂ ಇಲ್ಲಿ ಕನ್ನಡ ಹಾಡು ಕೇಳಬೇಕೆಂದರೆ ನನಗೆ ಇಂಟರ್ನೆಟ್ಟೇ ದಾರಿ, ಆ ಖುಷಿ ಬೇರೆ. ಆದರೆ ಹೆಸರು ಕನ್ನಡ ಲಿಪಿಯಲ್ಲಿ ಬಂದರೆ ನನ್ನ ಸೆಟ್ ಚೌಕ ಚೌಕ ತೋರಿಸುತ್ತೆ, ಫಾಂಟೇ ಇಲ್ಲ. ಆರ್‌ಡಿಎಸ್‌ನ ಅಕ್ಷರಪಟ್ಟಿಯಲ್ಲಂತೂ ಮೊದಲಿನಿಂದಲೂ ಕನ್ನಡ ಇಲ್ಲ. ಅದಕ್ಕೆ ಹೋಲಿಸಿದರೆ ನಮ್ಮ ಆಕಾಶವಾಣಿ ಬಳಸುವ ಡಿಆರ್‌ಎಂ ಅನ್ನೋ ಡಿಜಿಟಲ್ ಪ್ರಸಾರ ಪದ್ಧತಿ ವಾಸಿ. ಅದರಲ್ಲಿ ಬರಹ ಎಲ್ಲ ಲಿಪಿಗೂ ಜಾಗವಿರುವ ಯೂನಿಕೋಡ್‌ನಲ್ಲೇ ಹೋಗುತ್ತೆ, ಕನ್ನಡ ಕಳಿಸಲು ಅಡ್ಡಿಯಿಲ್ಲ. ತೋರಿಸುವ ಸೆಟ್ ಇರಬೇಕು, ಅಷ್ಟೇ.

ಈಗ ನಮ್ಮ ಅಡುಗೆಮನೆಯಲ್ಲಿ ಓಡೋದು ಜಾಸ್ತಿ ಡಿಎಬಿ. ಗಡಿಯಾರದ ಸೆಟ್ಟಿಂಗ್ ಮಾತ್ರ ಎಫ್‌ಎಂನಿಂದ ತಗೋ ಅಂತ ಇಟ್ಟಿದ್ದೇನೆ.

ಹೊಸ ಸೆಟ್ ಕೊಳ್ಳುವವರು ಅಂಗಡಿಯಲ್ಲೇ ಡಿಎಬಿ ಹಾಕಿಸಿ ಇನ್ಫೋ ಬಟನ್ ಒತ್ತಿ ನೋಡಿ. ಒಂದೇ ಸಾಲಿನ ಪರದೆಯಾದರೆ 128 ಅಕ್ಷರ ತೆವಳುತ್ತಾ ಹೋಗುತ್ತೆ, ಹೆಸರಿನ ಕೊನೆ ಬರುವಷ್ಟರಲ್ಲಿ ಮೊದಲು ಏನಿತ್ತು ಅಂತ ಮರೆತಿರುತ್ತೀರಿ. ಬರಹ ಪೂರ್ತಿ ನಿಂತು ಕಾಣುವ ನಾಲ್ಕು ಸಾಲಿನದ್ದು ಇದ್ದರೆ ಸ್ವಲ್ಪ ದುಡ್ಡು ಜಾಸ್ತಿಯಾದರೂ ಅದನ್ನೇ ತಗೊಳ್ಳಿ.