ಸೊಂಟ ನೋವಿಟ್ಟುಕೊಂಡು ಮಂಗಳೂರಿಗೆ: ರೈಲೋ, ಸ್ಲೀಪರ್ ಬಸ್ಸೋ, ಕಾರೋ?

ಮುಂಬೈ ಹತ್ತಿರದ ಡೊಂಬಿವಲಿಯ ಅಕ್ಕ ಒಬ್ಬರು ಕೇಳಿದ್ದಾರೆ: ಸೊಂಟ ಹಿಡಿದುಕೊಂಡಿದೆ, ಊರಿಗೆ ಯಾವುದರಲ್ಲಿ ಹೋಗಲಿ?

ಅಕ್ಕ, ಬೆನ್ನಿಗೆ ಕುಲುಕಾಟ ಒಂದು ಕಷ್ಟ, ಗಂಟೆಗಟ್ಟಲೆ ಅಲ್ಲಾಡದೆ ಕೂರೋದು ಇನ್ನೊಂದು. ರೈಲಿನಲ್ಲಿ ಎರಡೂ ಕಡಿಮೆ. ಮಂಗಳೂರಿಗೆ ಹೋಗುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ನಿಮಗೆ ಠಾಣೆ ರೈಲು ನಿಲ್ದಾಣದಲ್ಲೇ ಸಿಗುತ್ತದೆ. ಗಂಟೆಗೊಮ್ಮೆ ಎದ್ದು ಬಾಗಿಲವರೆಗೆ ನಡೆದು ಬನ್ನಿ. ಆದರೆ ಲೋವರ್ ಬರ್ತೇ ಬೇಕು, ಹತ್ತಿ ಇಳಿಯುವಾಗಲೇ ಸೊಂಟ ಉಳುಕುತ್ತದೆ. ಸೈಡ್ ಲೋವರ್ ಬೇಡ. ಎರಡು ಸೀಟು ಸೇರುವ ಸಂದು ಸರಿಯಾಗಿ ಸೊಂಟದ ಕೆಳಗೇ ಬರುತ್ತದೆ. ಒಮ್ಮೆ ನಾನು ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ಅಲ್ಲಿ ಹಾಸಿಕೊಂಡೇ ರಾತ್ರಿ ಕಳೆದೆ.

ಚೌತಿ ಹೊತ್ತಿಗೆ ರೈಲು ಭರ್ತಿ, ಅಲ್ವಾ? ಆಗ ಸ್ಲೀಪರ್ ಬಸ್ಸು. ಹಿಂದಿನ ಚಕ್ರದ ಮೇಲಿನ ಬರ್ತ್ ಸುಮ್ನೆ ಕೊಟ್ಟರೂ ಬೇಡ, ಘಾಟಿಯಲ್ಲಿ ಎತ್ತಿ ಕುಕ್ಕುತ್ತದೆ. ನಡುವಿನ ಕೆಳಗಿನ ಬರ್ತ್ ಹಿಡಿಯಿರಿ, ಮಂಡಿ ಕೆಳಗೆ ದಿಂಬು ಇಟ್ಟು ಅಂಗಾತ ಮಲಗಿ.

ಕಾರಿಗೆ ಖರ್ಚು ಜಾಸ್ತಿ. ಮೂರ್ನಾಲ್ಕು ಜನರಿದ್ದು, ಬೇರೆಯವರು ಓಡಿಸುವುದಾದರೆ ಸರಿ. ಬೇಕಾದಲ್ಲಿ ನಿಲ್ಲಿಸಬಹುದು. ಸೊಂಟದ ಹಿಂದೆ ಸುತ್ತಿದ ಟವೆಲ್ ಇರಲಿ.

ನೋವು ಕಾಲಿಗಿಳಿದು ಜೋಮು ಹಿಡಿಯುತ್ತಿದ್ದರೆ ಮಾತ್ರ ಟಿಕೆಟ್ಟಿಗೂ ಮುಂಚೆ ಡಾಕ್ಟರನ್ನು ನೋಡಿ.